ಕರಗಿಸುತ್ತೇವೆ ಎಂದಿದ್ದರು

ನಲವತ್ತೊಂದು ಬಂದೂಕು. ಒಂದೊಂದನ್ನೂ ನಾನೇ ಬೇಡಿ ತಂದೆ. ಬೇಡಿ ಎಂದರೆ ಬೇಡಿಯೇ. ಮೆಟ್ಟಿಲು ಹತ್ತಿದೆ, ಬಾಗಿಲು ತಟ್ಟಿದೆ, ಅವರ ಹಳೇ ಸೋಫಾದ ತುದಿಯಲ್ಲಿ ಕೂತು ಅವರು ಕೊಟ್ಟ ತಣ್ಣನೆ ಚಹಾ ಕುಡಿದೆ, ಕೈ ಹಿಡಿದುಕೊಂಡು ಬೇಡಿದೆ. ಕೊಡಲ್ಲ ಎಂದವರ ಮನೆಗೆ ಮತ್ತೆ ಹೋದೆ. ಅವರು ಕೊಟ್ಟದ್ದು ಶೆರಿಫನಿಗಲ್ಲ, ಸರ್ಕಾರಕ್ಕಲ್ಲ. ನನಗೆ. ನನ್ನ ಮಾತಿಗೆ.

ಆ ಮಾತು ಸುಳ್ಳಾಯಿತು. ಸುಳ್ಳು ಮಾಡಿದವರು ಯಾರು ಎಂದು ಹೇಳಲಿಕ್ಕೇ ಇಷ್ಟು ಬರೆಯುತ್ತಿದ್ದೇನೆ.

ನಾನು ವರ್ನೀಟಾ ಟಿಬ್ಸ್. ಟ್ಯಾಲೋ ಬೆಂಡ್ ಊರಿನ ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತೆಂಟು ವರ್ಷ ದುಡಿದೆ. ಬೆಳಿಗ್ಗೆ ಐದೂವರೆಗೆ ತಲೆಗೆ ಬಲೆ ಕಟ್ಟಿಕೊಂಡರೆ ಮಧ್ಯಾಹ್ನ ಮೂರರವರೆಗೆ ಕೂರುವಂತಿಲ್ಲ. ಆರುನೂರು ತಟ್ಟೆ. ಕುದಿಯುವ ನೀರಿಗೆ, ಸೋಪಿಗೆ ನನ್ನ ಬೆರಳ ತುದಿಯ ಗೆರೆಗಳೇ ಸವೆದುಹೋಗಿವೆ. ನಮ್ಮೂರು ಎರಡು ಪಾಲು. ಗುಡ್ಡದ ಮೇಲೆ ಬಿಳಿಯರು. ನದಿಯ ಪಕ್ಕದ ತಗ್ಗಿನಲ್ಲಿ ಕರಿಯರು, ನಾವು. ನದಿ ಉಕ್ಕಿದರೆ ನೀರು ನುಗ್ಗುವುದು ನಮ್ಮ ಮನೆಗೆ. ಮಕ್ಕಳು ಮಾತ್ರ ಒಂದೇ ಶಾಲೆಗೆ ಬರುತ್ತಾರೆ. ಎಲ್ಲರೂ ಉಣ್ಣುವುದು ನನ್ನ ಕೈಯ ಊಟ.

ಅಕ್ಟೋಬರಿನ ಒಂದು ಬುಧವಾರ. ಕೋಳಿ, ಅನ್ನ, ಹಸಿರು ಬೀನ್ಸ್. ಚಿಕ್ಕ ಮಕ್ಕಳು ಊಟಕ್ಕೆ ಸಾಲು ನಿಂತಿದ್ದರು. ಯಾರೋ ತಟ್ಟೆ ಬೀಳಿಸಿದರು ಅಂದುಕೊಂಡೆ. ತಟ್ಟೆ ಒಂದು ಸಲ ಬೀಳುತ್ತದೆ. ಅಷ್ಟು ಸಲ ಬೀಳುವುದಿಲ್ಲ.

ಕೈಗೆ ಸಿಕ್ಕ ಮಕ್ಕಳನ್ನು ಎಳೆದುಕೊಂಡು, ಮಾಂಸ ಹಾಲು ಇಡುವ ತಣ್ಣನೆಯ ಕೋಣೆಗೆ ನುಗ್ಗಿದೆ. ಹನ್ನೊಂದು ಮಕ್ಕಳು. ಆ ಕೋಣೆಯ ಬಾಗಿಲು ಹೊರಕ್ಕೆ ತೆರೆಯುವಂಥದು. ಒಳಗಡೆ ಬೀಗವಿಲ್ಲ. ಏಪ್ರನ್ ಬಿಚ್ಚಿ ಹಿಡಿಕೆಗೆ ಸುತ್ತಿದೆ. ಗೋಡೆಗೆ ಕಾಲು ಕೊಟ್ಟು, ಹಿಂದಕ್ಕೆ ಎಳೆದು ನಿಂತೆ. ಗುಂಡು ಹಾರಿಸುತ್ತಿದ್ದವನು ಹೊರಗಿನಿಂದ ಎರಡು ಸಲ ಎಳೆದ. ಎರಡನೆಯ ಸಲಕ್ಕೆ ನನ್ನ ಬಲಭುಜದೊಳಗೆ ಏನೋ ಹರಿಯಿತು. ಬಿಡಲಿಲ್ಲ. ನಲವತ್ತು ನಿಮಿಷ. ಮಕ್ಕಳು ಚಳಿಗೆ ಗಡಗಡ ನಡುಗುತ್ತಿದ್ದರು. ಒಂದು ಮಗುವೂ ಅಳಲಿಲ್ಲ. ಇಂಥ ಹೊತ್ತಿನಲ್ಲಿ ಅಳಬಾರದು ಎಂದು ಅವಕ್ಕೆ ಒಂದನೇ ಕ್ಲಾಸಿನಿಂದಲೇ ಕಲಿಸಿದ್ದಾರೆ.

ಪೊಲೀಸರು ಬಾಗಿಲು ತೆರೆಸಿದಾಗ ಮೊದಲು ಕಂಡದ್ದು ನನ್ನ ಮುಖ. ಮೂರು ಬಂದೂಕು ನನ್ನ ಕಡೆಗೆ ತಿರುಗಿದವು. ನೆಲಕ್ಕೆ ಬೀಳು, ಕೈ ಹಿಂದೆ ಎಂದರು. ಹರಿದ ಭುಜವನ್ನು ಹಿಂದಕ್ಕೆ ತಿರುಚಿ ಕಟ್ಟಿದರು. ಒದ್ದೆ ನೆಲದ ಮೇಲೆ ಮುಖ ಒತ್ತಿ ಮಲಗಿದ್ದೆ. ಆಗ ಮಕ್ಕಳು ಅತ್ತವು. ಇವರು ಮಿಸ್ ವರ್ನೀಟಾ, ನಮಗೆ ಊಟ ಕೊಡೋರು ಎಂದು ಹನ್ನೊಂದು ಮಕ್ಕಳೂ ಕೂಗಿ ಕೂಗಿ ಹೇಳಿದ ಮೇಲೆ ಕೈ ಬಿಚ್ಚಿದರು.

ಅಂದು ಐದು ಮಕ್ಕಳು ಸತ್ತವು. ಅದರಲ್ಲಿ ಒಂದು ನಮ್ಮ ತಗ್ಗಿನದು. ಎರಡು ಮನೆ ಆಚೆಯ ಅರ್ಲೀನ್ ಗ್ಯಾಡಿಸಳ ಮೊಮ್ಮಗಳು ಕಿಯೋನಾ, ಎಂಟು ವರ್ಷ. ಸಾಲಿನಲ್ಲಿ ಅವಳು ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದಳು. ನನ್ನ ಕೈ ನಾಲ್ಕು ಹೆಜ್ಜೆ ಉದ್ದವಿರಲಿಲ್ಲ.

ಕೊಂದವನು ಗುಡ್ಡದ ಮೇಲಿನ ಹುಡುಗ, ಹದಿನೇಳು ವರ್ಷದವನು. ಬಂದೂಕು ಅವನಪ್ಪನದು. ಅಂಗಡಿಯಲ್ಲಿ ರಸೀದಿ ಸಮೇತ ಕೊಂಡದ್ದು.

ಆಮೇಲೆ ಸಭೆಗಳಾದವು. ಶಾಲೆಯ ಸಭಾಂಗಣದಲ್ಲಿ ಊರೆಲ್ಲ ಸೇರಿತು. ಮೇಷ್ಟ್ರುಗಳ ಸೊಂಟಕ್ಕೂ ಪಿಸ್ತೂಲು ಕಟ್ಟಿ ಎಂದರು ಕೆಲವರು. ಇಂಥ ಬಂದೂಕು ಮಾರುವುದನ್ನೇ ನಿಲ್ಲಿಸಿ ಎಂದರು ಕೆಲವರು. ನಮ್ಮ ಹಕ್ಕು ಮುಟ್ಟಿದರೆ ನೋಡಿಕೊಳ್ಳುತ್ತೇವೆ ಎಂದು ಗುಡ್ಡದವರು ಮೇಜು ಗುದ್ದಿದರು. ಬಾಗಿಲು ಹಿಡಿದು ನಿಂತವಳನ್ನು ಯಾರೂ ಏನೂ ಕೇಳಲಿಲ್ಲ. ಆ ಸಭೆಗಳಿಗೆಲ್ಲ ಕಾಫಿ ಹಂಚಿದವಳು ನಾನೇ. ಬಲಗೈ ಮೇಲೇಳುತ್ತಿರಲಿಲ್ಲ. ಎಡಗೈಯಲ್ಲಿ ಹಂಚಿದೆ.

ಜನವರಿಯಲ್ಲಿ ಇಬ್ಬರು ನನ್ನ ಮನೆಗೆ ಬಂದರು. ಒಬ್ಬ ಶೆರಿಫ್ ವೇಡ್ ಕ್ರಚರ್, ಜಿಲ್ಲೆಯ ಪೊಲೀಸರಿಗೆಲ್ಲ ದೊಡ್ಡವನು. ಇನ್ನೊಬ್ಬರು ನಮ್ಮ ಚರ್ಚಿನ ಪಾಸ್ಟರ್ ಹೋಸಿಯಾ ಪ್ರೂಯಿಟ್. ನಮ್ಮವರು. ನನ್ನ ಗಂಡನ ಮಣ್ಣಿಗೆ ಬಂದು ಪ್ರಾರ್ಥನೆ ಹೇಳಿದವರು. ಅವರ ಮಾತೆಂದರೆ ನನಗೆ ಕಲ್ಲಿನ ಮೇಲೆ ಬರೆದಂತೆ.

ಜನ ತಾವಾಗಿಯೇ ಬಂದೂಕು ಒಪ್ಪಿಸುವ ಕಾರ್ಯಕ್ರಮ ಇಟ್ಟುಕೊಂಡಿದ್ದೇವೆ ಎಂದ ಶೆರಿಫ್. ಮನೆಯಲ್ಲಿ ಬಂದೂಕು ಕಡಿಮೆಯಾದರೆ ಮಕ್ಕಳ ಕೈಗೆ ಸಿಗುವುದೂ ಕಡಿಮೆಯಾಗುತ್ತದೆ ಎಂದ. ತಗ್ಗಿನ ಜನ ಪೊಲೀಸರಿಗೆ ಬಾಗಿಲು ತೆಗೆಯುವುದಿಲ್ಲ, ನಿನಗೆ ತೆಗೆಯುತ್ತಾರೆ ಎಂದರು ಪಾಸ್ಟರ್.

ನಾನು ಒಂದೇ ಪ್ರಶ್ನೆ ಕೇಳಿದೆ. “ತಗೊಂಡು ಏನ್ ಮಾಡ್ತೀರಿ?”

“ಕರಗಿಸ್ತೀವಿ,” ಅಂದ ಶೆರಿಫ್. “ಆ ಕಬ್ಬಿಣದಲ್ಲಿ ಶಾಲೆ ಅಂಗಳಕ್ಕೆ ಐದು ಬೆಂಚು ಮಾಡಿಸ್ತೀವಿ. ಒಂದೊಂದು ಮಗು ಹೆಸರಲ್ಲಿ ಒಂದೊಂದು.”

“ಬಾಯಿ ಮಾತು ಬೇಡ. ಚರ್ಚಲ್ಲಿ, ಜನರ ಮುಂದೆ ಹೇಳಿ.”

ಭಾನುವಾರ ಹೇಳಿದ. ಬೈಬಲಿನ ಮೇಲೆ ಕೈ ಇಟ್ಟು ಹೇಳಿದ. ಬೈಬಲ್ ಹಿಡಿದುಕೊಂಡು ನಿಂತಿದ್ದವರು ಪಾಸ್ಟರ್. ಮೊದಲ ಸಾಲಿನಲ್ಲಿ ಅರ್ಲೀನ್ ಕೂತಿದ್ದಳು. ಪ್ರಾರ್ಥನೆ ಮುಗಿದ ಮೇಲೆ ಮನೆಗೆ ಹೋಗಿ, ಸತ್ತ ಗಂಡನ ಪಿಸ್ತೂಲನ್ನು ದಿಂಬಿನ ಚೀಲದಲ್ಲಿ ಸುತ್ತಿ ತಂದು ನನ್ನ ಮಡಿಲಿಗೆ ಹಾಕಿದಳು. ಅದು ನೀರಾಗಿ ಹರಿಯುವುದನ್ನು ಕಣ್ಣಾರೆ ನೋಡಬೇಕು, ಆ ದಿನ ನನ್ನನ್ನು ಕರೆದುಕೊಂಡು ಹೋಗು ಎಂದಳು. ಆಯಿತು ಎಂದೆ.

ಅಲ್ಲಿಂದ ಶುರು. ಕೆಲಸ ಮುಗಿಸಿ ದಿನಾ ಮೂರು ನಾಲ್ಕು ಮನೆ. ಕಾಲು ಬಾತುಕೊಳ್ಳುತ್ತಿತ್ತು. ಸುಲಭಕ್ಕೆ ಯಾರೂ ಕೊಡಲಿಲ್ಲ. ಕೊಡುವುದು ಯಾಕೆ? ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ಎಲ್ಲರಿಗಿಂತ ನೇರವಾಗಿ ಕೇಳಿದವರು ಅಮೋಸ್ ಟಾಲಿವರ್. ಎಂಬತ್ತಾರು ವರ್ಷ. ಒಬ್ಬರೇ ಇರುತ್ತಾರೆ. ಅವರ ಹತ್ತಿರ ಅವರಪ್ಪನ ಜೋಡುನಳಿಗೆಯ ಕೋವಿ ಇತ್ತು. ಮರದ ಹಿಡಿ ಸೀಳಿದ್ದಕ್ಕೆ ತಾಮ್ರದ ತಂತಿ ಬಿಗಿದಿತ್ತು.

“ಮಕ್ಕಳನ್ನ ಕೊಂದೋನು ಎಲ್ಲಿಯವ್ನು?” ಅಂದರು.

“ಗುಡ್ಡದ ಮೇಲಿನವ್ನು.”

“ಬಂದೂಕು ಯಾರ್ದು?”

“ಅವರಪ್ಪಂದು.”

“ಮತ್ತೆ ನೀನು ನನ್ನ ಮನೆಗ್ಯಾಕೆ ಬಂದೆ ಮಗಳೇ? ದಾರಿ ತಪ್ತಾ?”

ಬರಿಗೈಯಲ್ಲಿ ಮೆಟ್ಟಿಲಿಳಿದೆ. ಎರಡನೆಯ ಸಲ ಹೋದಾಗ ಅವರು ಆ ಕೋವಿಯ ಕತೆ ಹೇಳಿದರು. ಅವರಪ್ಪ ಓಟಿನ ಪಟ್ಟಿಯಲ್ಲಿ ಹೆಸರು ಬರೆಸಲು ಹೋದ ವಾರ, ಕರಿಯರಿಗೆ ಓಟು ಬೇಡವೆಂದು ಮುಖ ಮುಚ್ಚಿಕೊಂಡ ಬಿಳಿಯರು ಮೂರು ಸಲ ಮನೆ ಸುತ್ತುವರಿದರಂತೆ. ಮೂರು ಸಲವೂ ಅಪ್ಪ ಈ ಕೋವಿ ಹಿಡಿದು ಬಾಗಿಲಲ್ಲಿ ನಿಂತಿದ್ದರಂತೆ. ಮನೆಗೆ ಬೆಂಕಿ ಬೀಳದೆ ಉಳಿದದ್ದು ಅದೊಂದರಿಂದ. ಅವತ್ತು ಪೊಲೀಸರಿಗೆ ಹೇಳಿಕಳಿಸಿದರೆ ಬರಲಿಲ್ಲವಂತೆ. ಮುಖ ಮುಚ್ಚಿಕೊಂಡವರ ಜೊತೆ ಅವರೂ ಇದ್ದರಲ್ಲ, ಇನ್ನು ಬರುವುದೆಲ್ಲಿಂದ ಎಂದು ನಕ್ಕರು.

ಮೂರನೆಯ ಸಲ ನಾನು ಬೇಡಲೂ ಇಲ್ಲ. ಆ ಸದ್ದು ಇನ್ನೂ ಕಿವಿಯಲ್ಲಿದೆ, ಎಲ್ಲಾದರೂ ಒಂದು ಕಡೆಯಿಂದ ಇದು ಕಡಿಮೆಯಾಗಬೇಕು ಎಂದಷ್ಟೇ ಹೇಳಿದೆ. ಅಮೋಸ್ ಬಹಳ ಹೊತ್ತು ನನ್ನ ಭುಜ ನೋಡಿದರು. ಎದ್ದು ಒಳಗೆ ಹೋದರು. ಕೋವಿ ತಂದು, ಗುಂಡಿಲ್ಲವೆಂದು ಬಿಚ್ಚಿ ತೋರಿಸಿ, ನನ್ನ ಎರಡು ಕೈಯ ಮೇಲೆ ಮಗುವನ್ನು ಮಲಗಿಸಿದಂತೆ ಇಟ್ಟರು.

“ಶೆರಿಫನಿಗೆ ಕೊಡ್ತಿಲ್ಲ. ಪಾಸ್ಟರಿಗೂ ಕೊಡ್ತಿಲ್ಲ. ನಿನಗೆ ಕೊಡ್ತಿದೀನಿ. ತಿಳೀತಾ?”

ತಿಳಿಯಿತು ಎಂದೆ.

ಮಾರ್ಚಿನ ಕೊನೆಗೆ ನಲವತ್ತೊಂದಾದವು. ಮೂವತ್ತಮೂರು ಮನೆಗಳಿಂದ. ಚರ್ಚಿನ ನೆಲಮಾಳಿಗೆಯಲ್ಲಿ ಜೋಡಿಸಿಟ್ಟಿದ್ದೆವು. ಶೆರಿಫನ ಕಡೆಯವರು ವ್ಯಾನು ತಂದು ತುಂಬಿಕೊಂಡು ಹೋದರು. ಗುಡ್ಡದ ಮೇಲೆ ಯಾವಾಗ ಹೋಗುತ್ತೀರಿ ಎಂದು ಕೇಳಿದೆ. ಅಲ್ಲಿಗೂ ಹೋಗುತ್ತೇವೆ ಎಂದರು. ಯಾರೂ ಹೋಗಲಿಲ್ಲ. ಕರಗಿಸುವುದು ಯಾವಾಗ ಎಂದು ಪಾಸ್ಟರರನ್ನು ವಾರವಾರವೂ ಕೇಳಿದೆ. ಕಾಗದಪತ್ರದ ಕೆಲಸ ನಡೆಯುತ್ತಿದೆ, ಕರ್ತನು ನಿಧಾನಿಸುತ್ತಾನೆ ಆದರೆ ಮರೆಯುವುದಿಲ್ಲ ಎಂದರು. ನಂಬಿದೆ.

ಮೇ ತಿಂಗಳ ಒಂದು ಶನಿವಾರ. ಅಡುಗೆಮನೆಯ ನಾಲ್ವರನ್ನು ಜಿಲ್ಲಾ ಪ್ರದರ್ಶನ ಭವನಕ್ಕೆ ಬರಹೇಳಿದರು. ಶಾಲಾ ಸುರಕ್ಷತಾ ನಿಧಿಯ ಕಾರ್ಯಕ್ರಮ, ಮುನ್ನೂರು ಜನಕ್ಕೆ ಸ್ಯಾಂಡ್‌ವಿಚ್, ಕಾಫಿ. ಏನು ಕಾರ್ಯಕ್ರಮ ಎಂದು ನಾವು ಕೇಳಲಿಲ್ಲ. ಕೇಳುವ ರೂಢಿ ಇಲ್ಲ. ಬೆಳಿಗ್ಗೆಯಿಂದ ಹಿಂದಿನ ಕೋಣೆಯಲ್ಲಿ ನಿಂತು ಬ್ರೆಡ್ಡು ಕೊಯ್ದೆವು. ಹತ್ತು ಗಂಟೆಗೆ ಕಾಫಿಯ ದೊಡ್ಡ ಪಾತ್ರೆಯನ್ನು ಎಡಸೊಂಟಕ್ಕೆ ಏರಿಸಿಕೊಂಡು ಸಭಾಂಗಣಕ್ಕೆ ಹೋದೆ.

ಉದ್ದುದ್ದ ಮೇಜುಗಳು. ಬಿಳಿ ಬಟ್ಟೆ ಹಾಸಿತ್ತು. ಮೇಲೆ ಬಂದೂಕುಗಳು. ಒಂದೊಂದಕ್ಕೂ ದಾರದಲ್ಲಿ ನಂಬರಿನ ಚೀಟಿ. ಗುಡ್ಡದವರು, ಪಕ್ಕದ ಜಿಲ್ಲೆಗಳ ಬಂದೂಕು ಅಂಗಡಿಯವರು ಮುಟ್ಟಿ ತಿರುಗಿಸಿ ನೋಡುತ್ತಿದ್ದರು. ಒಬ್ಬ ಜೋಡುನಳಿಗೆಯ ಕೋವಿ ಎತ್ತಿ, ಅದರ ಹಿಡಿಯ ತಾಮ್ರದ ತಂತಿಯನ್ನು ಉಗುರಿನಿಂದ ಕೆರೆದು, ಹಳೇ ಕಾಲದ್ದು, ಗೋಡೆಗೆ ಹಾಕೋಕೆ ಚೆನ್ನಾಗಿರುತ್ತೆ ಎಂದು ಹೆಂಡತಿಗೆ ತೋರಿಸಿದ.

ಪಾತ್ರೆ ಕೆಳಗಿಟ್ಟೆ. ಬೀಳಿಸಲಿಲ್ಲ. ಇಟ್ಟೆ.

ಶೆರಿಫ್ ವೇದಿಕೆಯ ಹತ್ತಿರ ನಿಂತಿದ್ದ. ನೇರ ಅವನ ಹತ್ತಿರ ಹೋದೆ.

“ಏನಿದು?”

“ಕಾನೂನು ವರ್ನೀಟಾ,” ಅಂದ. ದನಿ ಏರಿಸಲಿಲ್ಲ, ಮುಖ ಕೆಂಪಗಾಗಲಿಲ್ಲ. “ಪೊಲೀಸರ ಕೈಗೆ ಬಂದ ಬಂದೂಕು ಚೆನ್ನಾಗಿದ್ರೆ ಹಾಳು ಮಾಡೋ ಹಾಗಿಲ್ಲ. ಲೈಸೆನ್ಸ್ ಇರೋ ಅಂಗಡಿಯವ್ರ ಮೂಲಕ ಹರಾಜು ಹಾಕ್ಬೇಕು. ಬಂದಿದ್ದೆಲ್ಲ ಶಾಲೆಗೇ ಹೋಗುತ್ತೆ. ಕ್ಯಾಮೆರಾ, ಗುಂಡು ತೂರದ ಬಾಗಿಲು. ಎಲ್ಲಾ ಮಕ್ಕಳಿಗೋಸ್ಕರ.”

“ಈ ಕಾನೂನು ಯಾವಾಗ ಬಂತು?”

“ಐದಾರು ವರ್ಷ ಆಯ್ತು.”

“ಹಾಗಾದ್ರೆ ನೀವು ಬೈಬಲ್ ಮೇಲೆ ಕೈ ಇಟ್ಟಾಗಲೂ ಇತ್ತು.”

ಅವನು ನಿಜವಾಗಿಯೂ ಆಶ್ಚರ್ಯವಾದವನ ಹಾಗೆ ಕೇಳಿದ: “ಪಾಸ್ಟರ್ ನಿನಗೆ ಹೇಳ್ಲಿಲ್ವಾ? ಅವ್ರಿಗೆ ಮೊದಲೇ ಹೇಳಿದ್ದೆ. ಈಗ್ಲೇ ಹೇಳಿದ್ರೆ ಯಾರೂ ಕೊಡಲ್ಲ, ಆಮೇಲೆ ನಾನೇ ನಿಧಾನಕ್ಕೆ ಹೇಳ್ತೀನಿ ಅಂದಿದ್ರು.”

ಭುಜ ಹರಿದಾಗ ಇಷ್ಟು ನೋವಾಗಿರಲಿಲ್ಲ.

ಹರಾಜು ಕೂಗುವವನು ಶುರುಮಾಡಿದ. ನಂಬರ್ ಒಂದು ಎಂದ. ಮೇಜಿನ ಮೇಲಿದ್ದ ಒಂದು ಬಂದೂಕನ್ನಾದರೂ ಎತ್ತಿಕೊಂಡು ಹೊರಗೆ ಓಡಬೇಕೆನ್ನಿಸಿತು. ಓಡಿದರೆ ಏನಾಗುತ್ತದೆಂದು ಗೊತ್ತಿತ್ತು. ಆ ಸಭಾಂಗಣದಲ್ಲಿ ಮುನ್ನೂರು ಜನ ಬಂದೂಕು ಮುಟ್ಟಬಹುದಿತ್ತು. ಮುಟ್ಟಿದರೆ ಸಾಯುವವಳು ನಾನೊಬ್ಬಳೇ. ಎರಡೂ ಕೈ ಬರಿದು ಎಂದು ಎಲ್ಲರಿಗೂ ಕಾಣುವ ಹಾಗೆ ಬೆರಳು ಬಿಡಿಸಿ ಮುಂದಕ್ಕೆ ಹಿಡಿದೆ. ಮೇಜಿನ ಮುಂದೆ ಹೋಗಿ ನಿಂತೆ.

“ಇದು ಅರ್ಲೀನ್ ಗ್ಯಾಡಿಸಳದು,” ಅಂದೆ. “ಅವಳ ಮೊಮ್ಮಗಳು ಕಿಯೋನಾ. ನಮ್ಮ ಶಾಲೆ ಊಟದ ಸಾಲಲ್ಲಿ ಸತ್ತಳು. ಇದನ್ನ ಕರಗಿಸ್ತೀವಿ ಅಂತ ಹೇಳಿ ಇಸ್ಕೊಂಡು ಬಂದಿದೀವಿ. ಯಾರ್ ತಗೊಳ್ತೀರಿ?”

ಕೂಗುವವನು ನಿಲ್ಲಿಸಿದ. ನಾನು ಮುಂದಿನದಕ್ಕೆ ಹೋದೆ. ಇದು ಕೋಳಿ ಕಾರ್ಖಾನೆಯಲ್ಲಿ ಕೈಬೆರಳು ಕಳೆದುಕೊಂಡ ಲೂಥರನದು. ಇದು ವಿಧವೆ ಒಪಲ್‌ಳದು, ಮಗ ಇದರಿಂದಲೇ ತಲೆಗೆ ಗುಂಡು ಹೊಡೆದುಕೊಂಡ, ಮನೆಯಿಂದ ಹೋದರೆ ಸಾಕೆಂದು ಕೊಟ್ಟಳು. ನಲವತ್ತೊಂದೂ ನನಗೆ ಬಾಯಿಪಾಠ. ಹೊತ್ತವಳಿಗೆ ಭಾರ ಮರೆಯುವುದಿಲ್ಲ. ಕೆಲವರು ತಲೆ ತಗ್ಗಿಸಿದರು. ಕೆಲವರು ನಕ್ಕರು. ಮುಂದಿನ ಸಾಲಿನಲ್ಲಿದ್ದ ಒಬ್ಬ ಸಮಾಧಾನ ಹೇಳುವವನ ಹಾಗೆ ಅಂದ: “ಬಂದೂಕಿನ ತಪ್ಪೇನಮ್ಮಾ? ತಲೆಕೆಟ್ಟ ಹುಡುಗನ ತಪ್ಪು ಅದು.”

“ಆ ತಲೆಕೆಟ್ಟವ್ನ ಕೈಯಲ್ಲಿ ಪೊರಕೆ ಇದ್ದಿದ್ರೆ ನಾಲ್ಕು ಏಟು ಹಾಕಿ ಕಳಿಸ್ತಿದ್ದೆ,” ಅಂದೆ. “ಐದು ಮಕ್ಕಳ ರಕ್ತ ನೆಲದಿಂದ ತೊಳೆದಿದ್ದು ನಾನು. ನೀವಲ್ಲ.”

ಹದಿನಾಲ್ಕನೆಯದರ ಹತ್ತಿರ ಇದ್ದಾಗ ಇಬ್ಬರು ಪೊಲೀಸರು ಹಿಡಿದರು. ಅದೇ ಭುಜವನ್ನು ಹಿಂದಕ್ಕೆ ತಿರುಚಿದರು. ಎಳೆದುಕೊಂಡು ಹೋಗುವಾಗಲೂ ಹದಿನೈದು, ಹದಿನಾರು ಹೇಳಿದೆ. ಹದಿನೇಳನೆಯದು ಅಮೋಸರದು. ಬಾಗಿಲ ಹತ್ತಿರ ಹೇಳಿದೆ. ಯಾರಿಗಾದರೂ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಬಾಗಿಲು ಮುಚ್ಚುವ ಮೊದಲೇ ಕೂಗುವವನು ಮತ್ತೆ ಶುರುಮಾಡಿದ್ದ.

ಠಾಣೆಯಲ್ಲಿ ನನ್ನ ಬೆರಳ ಗುರುತು ಹಿಡಿಯಲು ಯಂತ್ರಕ್ಕೆ ಆಗಲಿಲ್ಲ. ಹತ್ತು ಬೆರಳನ್ನೂ ಮತ್ತೆ ಮತ್ತೆ ಒತ್ತಿಸಿದರು. ಗೆರೆಯೇ ಇಲ್ಲವಲ್ಲ ಎಂದಳು ಅಲ್ಲಿದ್ದ ಹುಡುಗಿ. ಅವಳೂ ನಮ್ಮ ಶಾಲೆಯಲ್ಲಿ ಓದಿದವಳೇ. ನಿನ್ನ ತಟ್ಟೆಗಳನ್ನೂ ತೊಳೆದಿದ್ದೇನೆ ಎಂದೆ. ಅವಳು ಮತ್ತೆ ನನ್ನ ಮುಖ ನೋಡಲಿಲ್ಲ.

ಗಲಾಟೆ ಮಾಡಿದಳೆಂದು ಕೇಸು ಹಾಕಿ ರಾತ್ರಿ ಮನೆಗೆ ಬಿಟ್ಟರು. ಸೋಮವಾರ ಶಾಲೆಯಿಂದ ಕಾಗದ ಬಂತು. ಮಕ್ಕಳ ಹತ್ತಿರ ಇರಲು ನಾನು ಯೋಗ್ಯಳಲ್ಲ ಎಂದು ಬರೆದಿದ್ದರು. ಶಾಲೆಯ ಗೇಟಿನೊಳಗೆ ಕಾಲಿಡಬಾರದು ಎಂದಿತ್ತು.

ಅದನ್ನು ಮಡಚಿಟ್ಟು ಮನೆಮನೆಗೆ ಹೊರಟೆ. ಮೂವತ್ತಮೂರು ಮನೆ. ಬೇಡಲು ಹೋಗುವಾಗ ಇಷ್ಟು ಕಷ್ಟವಾಗಿರಲಿಲ್ಲ. ಪ್ರತಿಯೊಬ್ಬರಿಗೂ ಅದದೇ ಮಾತು: ನಾನು ಹೇಳಿದ್ದು ಸುಳ್ಳು, ಅವರು ಮಾರಿದರು. ಲೂಥರ್ ನನ್ನ ಮುಂದೆಯೇ ಉಗಿದ. ಒಪಲ್ ಬಾಗಿಲು ಹಾಕಿಕೊಂಡಳು, ಒಳಗಿನಿಂದ ಅಳುವುದು ಕೇಳಿಸಿತು. ನೀನು ಏನು ಮಾಡಲಿಕ್ಕಾಗುತ್ತಿತ್ತು ಎಂದವರೂ ಇದ್ದರು. ಆ ಮಾತು ಉಗಿದದ್ದಕ್ಕಿಂತ ಹೆಚ್ಚು ಚುಚ್ಚಿತು. ನಾನು ಹೇಳಿ ಮುಗಿಸಿದ ಮೇಲೆ ಅರ್ಲೀನ್, ಯಾರು ಕೊಂಡರು ಎಂದಷ್ಟೇ ಕೇಳಿದಳು. ಗೊತ್ತಿಲ್ಲ ಎಂದೆ. ಆ ಮನೆಯಲ್ಲಿ ಮಕ್ಕಳಿದ್ದಾರಾ ಎಂದು ಕೇಳಿದಳು. ಅದೂ ಗೊತ್ತಿಲ್ಲ ಎಂದೆ.

ಅಮೋಸ್ ಟಾಲಿವರ್ ಬಾಗಿಲು ತೆಗೆದು ಚೌಕಟ್ಟಿಗೆ ಒರಗಿ ನಿಂತು ಕೇಳಿದರು. ಒಳಗೆ ಬಾ ಎನ್ನಲಿಲ್ಲ.

“ನಮ್ಮಪ್ಪ ಯಾರು ತಟ್ಟಿದ್ರೂ ಅದನ್ನ ಹಿಡ್ಕೊಂಡೇ ಬಾಗಿಲು ತೆಗೀತಿದ್ರು,” ಅಂದರು. “ನೀನು ತಟ್ಟಿದಾಗ ನಾನು ಬರೀ ಕೈಯಲ್ಲಿ ತೆಗ್ದೆ.”

ಅಷ್ಟೇ ಹೇಳಿದ್ದು. ಬಾಗಿಲು ಮುಚ್ಚುವಾಗ ಸದ್ದು ಮಾಡಲಿಲ್ಲ.

ಪಾಸ್ಟರ್ ಆ ವಾರದ ಕೊನೆಗೆ ತಾನಾಗಿಯೇ ನನ್ನ ಮನೆಗೆ ಬಂದ. ಕೋಟು ಹಾಕಿದ್ದ. ಕೈಯಲ್ಲಿ ಬೈಬಲು, ಬೈಬಲಿನೊಳಗೆ ಒಂದು ಕಾಗದ. ಶೆರಿಫ್ ಕೇಸು ಬಿಡುತ್ತಾನೆ, ಶಾಲೆಯವರು ಕೆಲಸ ವಾಪಸು ಕೊಡುತ್ತಾರೆ, ಎಲ್ಲ ಮಾತಾಡಿದ್ದೇನೆ ಎಂದ. ನಿನಗೆ ಪಿಂಚಣಿಗೆ ಇನ್ನು ಎರಡೇ ವರ್ಷ ಎಂದು ನೆನಪು ಮಾಡಿದ. ಕಾಗದಕ್ಕೆ ಒಂದು ಸಹಿ ಹಾಕಿದರೆ ಆಯಿತಂತೆ.

ಓದಿದೆ. ಬಂದೂಕು ಕೊಟ್ಟವರಿಗೆಲ್ಲ ಹರಾಜಿನ ಕಾನೂನು ಮೊದಲೇ ತಿಳಿದಿತ್ತು, ತಿಳಿಸಿದವಳು ವರ್ನೀಟಾ ಟಿಬ್ಸ್ ಎಂದು ಬರೆದಿತ್ತು.

“ನಿಮಗೆ ಗೊತ್ತಿತ್ತಾ?” ಅಂದೆ. “ನನ್ನ ಮನೆಗೆ ಬಂದ ದಿನಾನೇ ಗೊತ್ತಿತ್ತಾ?”

ಅವನು ಸುತ್ತಿ ಬಳಸಿ ಮಾತಾಡಿದ. ಬಂದೂಕು ನಮ್ಮ ಕೇರಿಯಿಂದ ಹೋದದ್ದೇ ದೊಡ್ಡದು ಎಂದ. ಶೆರಿಫನ ಜೊತೆ ಚೆನ್ನಾಗಿದ್ದರೆ ನಾಳೆ ನಮ್ಮ ಹುಡುಗರನ್ನು ಬೀದಿಯಲ್ಲಿ ಹಿಡಿದಾಗ ಒಂದು ಮಾತು ನಡೆಯುತ್ತದೆ ಎಂದ. ಅಷ್ಟರೊಳಗೆ ಕಾನೂನೇ ಬದಲಾಗಬಹುದು ಅಂದುಕೊಂಡಿದ್ದೆ ಎಂದ. ಗೊತ್ತಿರಲಿಲ್ಲ ಎಂದು ಮಾತ್ರ ಹೇಳಲಿಲ್ಲ.

ಕಾಗದವನ್ನು ಅವನ ಬೈಬಲಿನೊಳಗೇ ವಾಪಸು ಇಟ್ಟೆ. ಸಹಿ ಹಾಕುವುದಿಲ್ಲ ಎಂದೆ. ಅವನು ಒತ್ತಾಯ ಮಾಡಲಿಲ್ಲ. ನನ್ನ ಕೈ ಹಿಡಿಯಲು ಬಂದ.

“ಪ್ರಾರ್ಥನೆ ಮಾಡೋಣ ಸಿಸ್ಟರ್. ಕಣ್ಣು ಮುಚ್ಚಿ.”

ಕೈ ಹಿಂದಕ್ಕೆಳೆದುಕೊಂಡೆ. “ನೀನು ಮುಚ್ಕೊ ಹೋಸಿಯಾ. ನಾನು ಮುಚ್ಚಲ್ಲ.”

ಅವನು ಬೈಬಲನ್ನು ಎದೆಗೆ ಒತ್ತಿಕೊಂಡು ಮೆಟ್ಟಿಲಿಳಿದ. ನಾನು ಬಾಗಿಲಲ್ಲೇ ನಿಂತು ಅವನ ಕಾರು ತಿರುವು ದಾಟುವವರೆಗೆ ನೋಡಿದೆ.

ಈಗ ಕೋಳಿ ಕಾರ್ಖಾನೆಯಲ್ಲಿ ರೆಕ್ಕೆ ಕತ್ತರಿಸುತ್ತೇನೆ. ಒಂದು ಕೈ ಮೇಲೇಳದವಳಿಗೆ ಕೊಡುವ ಕೆಲಸವಲ್ಲ ಅದು, ಆದರೂ ಮಾಡುತ್ತೇನೆ. ಶಾಲೆಗೆ ಕ್ಯಾಮೆರಾ ಬಂತು, ಬಾಗಿಲು ಬಂತು. ಬೆಂಚು ಬರಲಿಲ್ಲ. ಈ ವರ್ಷದ ಮೇ ತಿಂಗಳಲ್ಲಿ ಮತ್ತೆ ಹರಾಜು ಇಟ್ಟರು. ಬೇರೆ ಊರುಗಳಿಂದ ಬಂದ ಬಂದೂಕುಗಳಂತೆ. ಒಳಗೆ ಬಿಡುವುದಿಲ್ಲ ಎಂದು ಗೊತ್ತಿತ್ತು. ಭವನದ ಗೇಟಿನೆದುರು, ರಸ್ತೆಯ ಆಚೆ ಬದಿಯಲ್ಲಿ, ಕೈ ಬರಿದು ಮಾಡಿಕೊಂಡು ನಿಂತೆವು. ಅರ್ಲೀನ್ ಬಂದಿದ್ದಳು. ಲೂಥರ್ ಬಂದಿದ್ದ. ಒಟ್ಟು ಏಳು ಜನ. ಒಳಗೆ ಹೋಗುವ ಪ್ರತಿ ಕಾರಿಗೂ ನಾವು ಹೆಸರು ಹೇಳಿದೆವು. ಮೊದಲು ಐದು ಮಕ್ಕಳ ಹೆಸರು, ಆಮೇಲೆ ಮೂವತ್ತಮೂರು ಮನೆಗಳದ್ದು.

ಅಮೋಸ್ ಟಾಲಿವರ್ ಬಂದಿರಲಿಲ್ಲ. ಬನ್ನಿ ಎಂದು ನಾನು ಕರೆಯಲೂ ಇಲ್ಲ. ಆ ಮನೆಯ ಮೆಟ್ಟಿಲು ಹತ್ತಿ ಇನ್ನೊಮ್ಮೆ ಏನನ್ನಾದರೂ ಕೇಳುವ ಮುಖ ನನಗಿಲ್ಲ.